ಶಕುನಿಯ ಸೇಡು, ದುರ್ಯೋಧನನ ಛಲ

ರನ್ನನ ಗದಾಯುದ್ಧವನ್ನು ಪಾಠಕ್ಕೆ ಎತ್ತಿಕೊಂಡ ಮೊದಲ ದಿನವೇ ನಮ್ಮ ತರಗತಿ ದಾರಿ ಬಿಟ್ಟು ಬೇರೆಡೆಗೆ ಹೊರಳಿತು. ದುರ್ಯೋಧನನ ವಿಷಯವಾಗಿ ನಿಮಗೆ ಮೊದಲೇ ತಿಳಿದಿರುವುದನ್ನು ಹೇಳಿರಿ ಎಂದು ನಾನು ಕೇಳಿದ್ದೆ. ಬಂದ ಉತ್ತರಗಳಲ್ಲಿ ಮುಕ್ಕಾಲುಪಾಲು ದುರ್ಯೋಧನನವಾಗಿರಲಿಲ್ಲ, ಅವನ ಸೋದರಮಾವನವಾಗಿದ್ದವು. ಅವು ಪುಸ್ತಕದಿಂದ ಬಂದವೂ ಅಲ್ಲ, ದೂರದರ್ಶನದ ಧಾರಾವಾಹಿಗಳಿಂದ ಬಂದವು. ಕೊನೆಗೆ ಎರಡನೆಯ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, "ಸರ, ಶಕುನಿದ ಏನ ತಪ್ಪು? ಒಡಹುಟ್ಟಿದಾಕಿನ್ನ ಕುರುಡಗ ಕೊಟ್ರ ಯಾರ ಸುಮ್ನ ಕುಂಡ್ರತಾರ್ರಿ?" ಎಂದಳು. ಅರ್ಧ ತರಗತಿ ಅವಳ ಪರ ನಿಂತಿತು. ಉಳಿದವರು ವಾದಕ್ಕಿಳಿದರು. ಗಂಟೆ ಹೊಡೆದದ್ದರಿಂದ ಚರ್ಚೆ ನಿಂತಿತೇ ಹೊರತು ಮುಗಿಯಲಿಲ್ಲ. ಅಂದು ಹೇಳಲಾಗದೆ ಉಳಿದುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಹಗುರವಾದುದಲ್ಲ. ಖಳಪಾತ್ರವೊಂದರ ಕೃತ್ಯಕ್ಕೆ ಕಾರಣ ಸಿಕ್ಕೊಡನೆ ಆ ಕೃತ್ಯ ಸರಿಯಾಗಿಬಿಡುವುದೇ? ಅಪಮಾನಗೊಂಡವನಿಗೆ ಸೇಡು ತೀರಿಸಿಕೊಳ್ಳುವ ಹಕ್ಕು ತಾನಾಗಿ ಬರುವುದೇ? ಆ ವಿದ್ಯಾರ್ಥಿನಿ ಕೇಳಿದ್ದು ಇದನ್ನೇ.

ಮೊದಲು ಶಕುನಿಗೆ ಈ ಕಾರಣ ಎಲ್ಲಿಂದ ಬಂದಿತೆಂಬುದನ್ನು ನೋಡೋಣ. ಬಿ. ಆರ್. ಚೋಪ್ರಾ ಅವರ ಹಿಂದಿ ಮಹಾಭಾರತ ದೂರದರ್ಶನದಲ್ಲಿ 1988ರ ಅಕ್ಟೋಬರ್ 2ರಿಂದ 1990ರ ಜೂನ್ 24ರವರೆಗೆ, 94 ಕಂತುಗಳಲ್ಲಿ, ರವಿವಾರ ಬೆಳಿಗ್ಗೆ ಪ್ರಸಾರವಾಯಿತು. ನಾನಾಗ ಕಾಲೇಜು ವಿದ್ಯಾರ್ಥಿ. ಓಣಿಗೊಂದೇ ಟಿ.ವಿ., ಅದರ ಮುಂದೆ ಚಾಪೆ ಹಾಸಿಕೊಂಡು ಕುಳಿತ ಮೂರು ಓಣಿಗಳ ಜನ. ಸಂಭಾಷಣೆ ಬರೆದವರು ರಾಹಿ ಮಾಸೂಮ್ ರಜಾ. ಶಕುನಿಯ ಪಾತ್ರ ಗೂಫಿ ಪೇಂಟಲ್ ಅವರದು. ಕುಂಟುತ್ತ ಬರುವ ಆ ನಡಿಗೆ, ಕಿರಿದಾಗುವ ಆ ಕಣ್ಣು, "ಭಾಂಜೆ" ಎಂದು ಎಳೆದು ಕರೆಯುವ ಆ ದನಿ ನಮ್ಮ ಪೀಳಿಗೆಗೆ ಮರೆಯಲಾಗದವು. 2023ರ ಜೂನ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ನಮ್ಮ ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರ ಬಾಯಿಂದಲೂ ಮೊದಲು ಬಂದುದು ಅದೇ ಒಂದು ಪದ. 2013ರಲ್ಲಿ ಸ್ಟಾರ್ ಪ್ಲಸ್ ವಾಹಿನಿಯಲ್ಲಿ ಇನ್ನೊಂದು ಮಹಾಭಾರತ ಆರಂಭವಾಯಿತು. ಅದರಲ್ಲಿ ಪ್ರಣೀತ್ ಭಟ್ ಶಕುನಿಯಾದರು. ನಿಮ್ಮಲ್ಲಿ ಅನೇಕರು ಅದನ್ನು 2020ರ ಲಾಕ್‌ಡೌನ್ ದಿನಗಳಲ್ಲಿ ಕನ್ನಡ ಡಬ್ಬಿಂಗ್‌ನಲ್ಲಿ ನೋಡಿದವರು. ಎರಡೂ ಧಾರಾವಾಹಿಗಳಲ್ಲಿ ಶಕುನಿಯ ದ್ವೇಷದ ಬೇರು ಒಂದೇ: ಗಾಂಧಾರಿಯನ್ನು ಕಣ್ಣಿಲ್ಲದ ಧೃತರಾಷ್ಟ್ರನಿಗೆ ಕೇಳಲು ಬಂದುದೇ ಗಾಂಧಾರಕ್ಕಾದ ಅಪಮಾನ, ಅದಕ್ಕೆ ಕುರುವಂಶವೇ ಬೆಲೆ ತೆರಬೇಕು.

ವ್ಯಾಸಭಾರತದ ಆದಿಪರ್ವವನ್ನು ತೆರೆದರೆ ಚಿತ್ರ ಬೇರೆಯಾಗುತ್ತದೆ. ವರನಿಗೆ ಕಣ್ಣಿಲ್ಲವೆಂದು ಗಾಂಧಾರರಾಜ ಸುಬಲ ಹಿಂಜರಿದನೆಂಬುದು ನಿಜ. ಆದರೆ ಕುಲ, ಕೀರ್ತಿ, ನಡತೆಗಳನ್ನು ಎಣಿಸಿ ಮಗಳನ್ನು ಕೊಡಲೊಪ್ಪಿದ. ಅವಳನ್ನು ಹಸ್ತಿನಾವತಿಗೆ ಕರೆತಂದು ಧಾರೆಯೆರೆದು ಕೊಟ್ಟವನು ಸ್ವತಃ ಶಕುನಿ. ಭೀಷ್ಮನಿಂದ ಸತ್ಕಾರ ಪಡೆದು ಅವನು ತನ್ನ ಊರಿಗೆ ಹಿಂತಿರುಗಿದ. ಅಲ್ಲಿ ಶಪಥವೂ ಇಲ್ಲ, ಹಲ್ಲುಕಡಿತವೂ ಇಲ್ಲ. ಇನ್ನೂ ಸೋಜಿಗದ ಸಂಗತಿ ವನಪರ್ವದಲ್ಲಿದೆ. ಘೋಷಯಾತ್ರೆಯಲ್ಲಿ ಗಂಧರ್ವರ ಸೆರೆ ಸಿಕ್ಕಿ, ಪಾಂಡವರಿಂದಲೇ ಬಿಡುಗಡೆ ಹೊಂದಿದ ದುರ್ಯೋಧನ ನಾಚಿಕೆಯಿಂದ ಅನ್ನನೀರು ಬಿಟ್ಟು ಪ್ರಾಣ ಕಳೆದುಕೊಳ್ಳಲು ಕುಳಿತಾಗ, ಪಾಂಡವರ ರಾಜ್ಯವನ್ನು ಅವರಿಗೆ ಮರಳಿಸಿ ಕೀರ್ತಿಯನ್ನು ಪಡೆ ಎಂದು ಬುದ್ಧಿ ಹೇಳುವವನು ಇದೇ ಶಕುನಿ. ಕುರುವಂಶದ ನಾಶಕ್ಕಾಗಿ ಹೊಂಚುಹಾಕಿ ಕುಳಿತವನ ಮಾತು ಇದಾಗಲಾರದು.

ಹಾಗಾದರೆ ಸೇಡಿನ ಶಕುನಿ ಟಿ.ವಿ.ಯವರ ಸೃಷ್ಟಿಯೇ ಎಂದರೆ, ಅದೂ ಅಲ್ಲ. ತಂದೆಯನ್ನೂ ಅಣ್ಣತಮ್ಮಂದಿರನ್ನೂ ಸೆರೆಯಲ್ಲಿಟ್ಟು ದಿನಕ್ಕೊಂದೊಂದು ಅಗುಳು ಕೊಟ್ಟರು, ಎಲ್ಲರೂ ತಮ್ಮ ಪಾಲಿನ ಅಗುಳನ್ನು ಶಕುನಿಗೆ ಉಣಿಸಿ ತಾವು ಸತ್ತರು, ತಂದೆಯ ಎಲುಬಿನಿಂದ ಅವನು ದಾಳಗಳನ್ನು ಮಾಡಿದ ಎಂಬ ಕಥೆಯನ್ನು ನಾನು ಅಜ್ಜಿಯ ಬಾಯಲ್ಲಿ ಕೇಳಿದವನು. ಸೆರೆಯಲ್ಲಿಟ್ಟವನು ಕೆಲವರ ಕಥೆಯಲ್ಲಿ ಭೀಷ್ಮ, ಕೆಲವರದರಲ್ಲಿ ದುರ್ಯೋಧನ. ಜನಪದಕ್ಕೆ ಕಾರಣವಿಲ್ಲದ ಕೇಡು ಒಗ್ಗುವುದಿಲ್ಲ. ಇಷ್ಟು ದೊಡ್ಡ ಅನಾಹುತ ಬರಿಯ ಮತ್ಸರದಿಂದ, ಬರಿಯ ಜೂಜಿನ ಚಟದಿಂದ ಆಯಿತೆಂದರೆ ಕೇಳುವವರ ಮನಸ್ಸು ಒಪ್ಪದು. ಟಿ.ವಿ. ಈ ಹಸಿವನ್ನೇ ಉಣಿಸಿತು. ಅದಕ್ಕೆ ಇನ್ನೊಂದು ಅನುಕೂಲವೂ ಇತ್ತು. ನಾಯಕರು ಸಭೆಯಲ್ಲಿ ಮಾತನಾಡುತ್ತಾರೆ, ಖಳನು ಒಬ್ಬನೇ ಇದ್ದಾಗ ಮಾತನಾಡುತ್ತಾನೆ. ಕ್ಯಾಮೆರಾ ಅವನ ಮುಖದ ಸಮೀಪಕ್ಕೆ ಹೋಗಿ ನಿಲ್ಲುತ್ತದೆ. ಅವನ ಒಳಮಾತು ಕೇಳಿಸುವುದು ನಮಗೆ ಮಾತ್ರ. ವಾರವಾರವೂ ಒಬ್ಬನ ಗುಟ್ಟನ್ನು ಕೇಳುತ್ತ ಬಂದರೆ ಅವನ ಮೇಲೆ ಒಂದು ಬಗೆಯ ಸಲಿಗೆ ಬೆಳೆಯುವುದು ಸಹಜ. ನಮ್ಮ ತರಗತಿಯ ಅರ್ಧ ಮತಗಳು ಶಕುನಿಗೆ ಬಿದ್ದುದರ ಗುಟ್ಟು ಇದು.

ಈ ಕಾರಣವನ್ನು ಸೇರಿಸಿದ್ದರಿಂದ ಆದ ನಷ್ಟವನ್ನೂ ಗಮನಿಸಬೇಕು. ಶಕುನಿ ಸೂತ್ರಧಾರನಾದಷ್ಟೂ ದುರ್ಯೋಧನ ಗೊಂಬೆಯಾಗುತ್ತಾನೆ. ಅರಗಿನ ಮನೆ ಮಾವನ ಯೋಚನೆ, ಜೂಜು ಮಾವನ ಯೋಚನೆ, ಪಾಪ, ಹುಡುಗನ ತಲೆ ಕೆಡಿಸಿದ ಎನ್ನುವಂತಾಗುತ್ತದೆ. ತಮ್ಮ ಮಗನ ತಪ್ಪಿಗೆಲ್ಲ ಅವನ ಗೆಳೆಯನನ್ನು ಬೈಯುವ ತಾಯಂದಿರ ವಾದವಿದು. ರನ್ನನ ದುರ್ಯೋಧನನ ಮುಂದೆ ಈ ವಾದ ಮಂಡಿಸಿದ್ದರೆ ಅವನು ಕರುಣೆಯೆಂದು ಸ್ವೀಕರಿಸುತ್ತಿರಲಿಲ್ಲ, ಅಪಮಾನವೆಂದೇ ತಿಳಿಯುತ್ತಿದ್ದ. ಅವನು ಮಾಡಿದುದನ್ನು ತಾನೇ ಮಾಡಿದೆನೆಂದು ಹೊತ್ತುಕೊಳ್ಳುವವನು.

ದುರ್ಯೋಧನನ ನೋವು ಎಲ್ಲಿಂದ ಶುರುವಾಯಿತು? ಇದಕ್ಕೆ ಎಲ್ಲರಿಗೂ ಗೊತ್ತಿರುವ ಉತ್ತರ ಮಯಸಭೆ. ಚೋಪ್ರಾ ಅವರ ಧಾರಾವಾಹಿಯಲ್ಲಿ ನೆಲವೆಂದು ಭ್ರಮಿಸಿ ನೀರಿಗೆ ಬಿದ್ದ ದುರ್ಯೋಧನನನ್ನು ನೋಡಿ ದ್ರೌಪದಿ ನಗುತ್ತಾಳೆ, ಕುರುಡನ ಮಗ ಕುರುಡನೆಂದು ಆಡುತ್ತಾಳೆ. ಹಳ್ಳಿಯ ಆಟಗಳಲ್ಲಿಯೂ ಈ ಮಾತು ಬರುತ್ತದೆ. ವ್ಯಾಸರ ಸಭಾಪರ್ವದಲ್ಲಿ ಆ ಮಾತೇ ಇಲ್ಲ. ಅಲ್ಲಿ ನಕ್ಕವರು ಭೀಮ, ಅರ್ಜುನ, ನಕುಲ ಸಹದೇವರು ಮತ್ತು ಅರಮನೆಯ ಸೇವಕರು. ಕಥೆಗಾರ ಕೊಟ್ಟ ಪಟ್ಟಿ ಇಷ್ಟೇ. ಮುಂದೆ ದುರ್ಯೋಧನ ತಂದೆಯೆದುರು ಈ ಪ್ರಸಂಗವನ್ನು ತಾನೇ ಹೇಳಿಕೊಳ್ಳುವ ಒಂದು ಭಾಗ ಬರುತ್ತದೆ. ಅಲ್ಲಿ ಪಟ್ಟಿ ಬೆಳೆದಿದೆ. ಅರ್ಜುನನೊಡನೆ ಕೃಷ್ಣನೂ ನಕ್ಕ, ಹೆಂಗಸರೊಡಗೂಡಿ ದ್ರೌಪದಿಯೂ ನಕ್ಕಳು ಎನ್ನುತ್ತಾನೆ. ದ್ರೌಪದಿಯ ನಗೆ ನಮಗೆ ಸಿಗುವುದು ಅವನ ಬಾಯಿಂದ.

ವ್ಯಾಸಭಾರತವನ್ನು ಎಷ್ಟೋ ಸಲ ಓದಿದ್ದರೂ ಈ ಅಂತರ ನನ್ನ ಕಣ್ಣಿಗೆ ಬಿದ್ದುದು ತೀರ ಈಚೆಗೆ. ಕಣ್ಣಿಗೆ ಬೀಳಲು ಒಂದು ಸ್ವಂತ ಕಾರಣವಿದೆ, ಅದನ್ನು ಹೇಳಿಬಿಡುತ್ತೇನೆ.

ನಾನು ನಾಲ್ಕನೆಯ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲಿ ಕಲಿತು, ಐದನೆಯದಕ್ಕೆ ಮರಾಠಿ ಶಾಲೆಗೆ ಸೇರಿದವನು. ಮರಾಠಿಯ ಚಕಾರಕ್ಕೆ ಎರಡು ಉಚ್ಚಾರಗಳಿವೆಯೆಂಬುದು ನಿಮಗೆ ಗೊತ್ತು. 'ಚಂದ್ರ' ಎನ್ನುವಾಗ ನಮ್ಮ ಚಕಾರವೇ, ಆದರೆ ಬೆಳದಿಂಗಳನ್ನು ಹೇಳುವ 'ಚಾಂದಣೆ'ಯಲ್ಲಿ ನಾಲಗೆಯ ತುದಿ ಹಲ್ಲಿಗೆ ತಾಗಬೇಕು. ಇದು ನನಗಾಗ ತಿಳಿಯದು. ಗಟ್ಟಿಯಾಗಿ ಪಾಠ ಓದುವಾಗ ಎರಡನ್ನೂ ಒಂದೇ ಚಕಾರದಲ್ಲಿ ಓದಿದೆ. ತರಗತಿ ಗೊಳ್ಳೆಂದಿತು. ವರ್ಷ ಮುಗಿಯುವವರೆಗೂ 'ಚಾಂದಣೆ' ಎಂಬುದು ನನ್ನ ಅಡ್ಡಹೆಸರಾಯಿತು. ಅಂದು ಮರಾಠಿಯಲ್ಲಿ ಇವರೆಲ್ಲರಿಗಿಂತ ಹೆಚ್ಚು ಅಂಕ ತೆಗೆಯಲೇಬೇಕೆಂದು ನಿಶ್ಚಯಿಸಿದೆ, ಏಳನೆಯ ಇಯತ್ತೆಯಲ್ಲಿ ತೆಗೆದೆ. ಎಲ್ಲರಿಗಿಂತ ಜೋರಾಗಿ ನಕ್ಕವನೊಬ್ಬನೊಡನೆ ಶಾಲೆ ಬಿಡುವವರೆಗೆ ಮಾತನಾಡಲಿಲ್ಲ. ಅಧ್ಯಾಪಕನಾದ ಮೇಲೆ, ನಾಚಿಕೊಂಡು ಓದುವ ಹುಡುಗರಿಗೆ ಧೈರ್ಯ ಹೇಳಲು ಈ ಕಥೆಯನ್ನು ಇಪ್ಪತ್ತು ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಅದರಲ್ಲಿ ಒಂದು ವಾಕ್ಯ ತಪ್ಪದೆ ಇರುತ್ತಿತ್ತು: "ನಮ್ಮ ಗುರುಗಳೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು."

ಕೆಲವು ವರ್ಷಗಳ ಹಿಂದೆ ಅಕ್ಕಲಕೋಟೆಯ ಒಂದು ಲಗ್ನದಲ್ಲಿ ಆ ಹಳೆಯ ಸಹಪಾಠಿ ಪಂಕ್ತಿಯಲ್ಲಿ ಪಕ್ಕದಲ್ಲೇ ಕುಳಿತ. ನಾನು ಆ ದಿನದ ಮಾತೆತ್ತಿದೆ. ತಾನು ನಕ್ಕುದು ಅವನಿಗೆ ನೆನಪಿರಲಿಲ್ಲ. ಆದರೆ ಓದಿಸಿದವನು ತಾನೇ ಎಂಬುದು ಚೆನ್ನಾಗಿ ನೆನಪಿತ್ತು. ಗುರುಗಳು ಅಂದು ಶಾಲೆಯಲ್ಲಿಯೇ ಇರಲಿಲ್ಲ, ತಾಲೂಕಿನ ಊರಿಗೆ ಸಭೆಗೆಂದು ಹೋಗಿದ್ದರು, ಮಾನಿಟರನೆಂದು ವರ್ಗ ನೋಡಿಕೊಳ್ಳಲು ತನಗೆ ಹೇಳಿ ಹೋಗಿದ್ದರು ಎಂದು ಮರಾಠಿಯಲ್ಲಿ ವಿವರವಾಗಿ ಹೇಳಿದ. ಅವನಿಗೆ ಅದು ಮೊದಲ ಅಧಿಕಾರ ಸಿಕ್ಕಿದ ದಿನ, ಆದುದರಿಂದ ಮರೆತಿರಲಿಲ್ಲ. ನಾನು ಬಡಿಸಿದ ಹೋಳಿಗೆಯನ್ನು ನೋಡುತ್ತ ಕುಳಿತೆ. ಗುರುಗಳು ತೀರಿಹೋಗಿ ಎಷ್ಟೋ ವರ್ಷಗಳಾಗಿವೆ. ಅವರು ಎಂದೂ ನಗದ ನಗೆಯನ್ನು ನಾನು ಎಷ್ಟು ತರಗತಿಗಳಲ್ಲಿ ಅವರ ಮುಖಕ್ಕೆ ಅಂಟಿಸಿದೆನೋ ಲೆಕ್ಕವಿಲ್ಲ. ಸುಳ್ಳು ಹೇಳುತ್ತಿದ್ದೇನೆಂದು ಒಮ್ಮೆಯೂ ಅನ್ನಿಸಿರಲಿಲ್ಲ. ಗಾಯ ದೊಡ್ಡದಾಗಿ ಕಂಡಂತೆ ನಕ್ಕವರ ಸಂಖ್ಯೆಯೂ ದೊಡ್ಡದಾಗಿತ್ತು.

ಅದಾದ ಮೇಲೆ ಸಭಾಪರ್ವ ಓದುವಾಗ ದುರ್ಯೋಧನನ ಪಟ್ಟಿ ನನಗೆ ಬೇರೆಯಾಗಿ ಕಂಡಿತು. ಅವನು ಉಪಾಯಕ್ಕಾಗಿಯೇ ತಂದೆಗೆ ಸುಳ್ಳು ಹೇಳಿದನೆಂದು ನಾನು ಹೇಳಲಾರೆ. ತನ್ನ ಯೋಗ್ಯತೆಯನ್ನು ಎದುರಾಳಿಯ ಸಿರಿಯಿಂದಲೇ ಅಳೆದುಕೊಳ್ಳುವವನ ಸ್ಥಿತಿ ಅದು. ಇಂದ್ರಪ್ರಸ್ಥದಿಂದ ಮರಳುವ ದಾರಿಯಲ್ಲಿ ಅವನು ಶಕುನಿಯ ಮುಂದೆ, ಬೆಂಕಿಗೆ ಬೀಳುತ್ತೇನೆ, ವಿಷ ಕುಡಿಯುತ್ತೇನೆ, ನೀರಿಗೆ ಹಾರುತ್ತೇನೆ ಎಂದು ಹಲುಬುತ್ತಾನೆ. ಅವನ ರಾಜ್ಯವನ್ನು ಯಾರೂ ಕಸಿದಿರಲಿಲ್ಲ. ಧರ್ಮರಾಜನ ಭಾಗ್ಯ ಹೆಚ್ಚಿತು ಎಂಬಷ್ಟಕ್ಕೇ ತಾನು ಬದುಕಿರಬಾರದು ಎನ್ನಿಸಿತು. ಶಕುನಿ ಜೂಜಿನ ಮಾತೆತ್ತುವುದು ಇದಾದ ಮೇಲೆ. ಕ್ರಮ ಮುಖ್ಯ: ಮೊದಲು ಅಳಿಯನ ಉರಿ, ಆಮೇಲೆ ಮಾವನ ದಾಳ.

ಇಲ್ಲಿ ಪದಗಳ ವಿಚಾರಕ್ಕೆ ಸ್ವಲ್ಪ ನಿಲ್ಲಬೇಕು. ಗಡಿಭಾಗದ ನಮ್ಮ ವಿದ್ಯಾರ್ಥಿಗಳು ಗದಾಯುದ್ಧವನ್ನು ಓದುವಾಗ ಒಂದು ತೊಡಕಿಗೆ ಸಿಕ್ಕುತ್ತಾರೆ. ಉತ್ತರಪತ್ರಿಕೆಗಳಲ್ಲಿ ಪ್ರತಿವರ್ಷ ನೋಡುತ್ತೇನೆ. ದುರ್ಯೋಧನನ 'ಛಲ' ಎಂದೊಡನೆ ಪಾಂಡವರಿಗೆ ಅವನು ಕೊಟ್ಟ ಕಷ್ಟಗಳ ಪಟ್ಟಿ ಬರೆಯುತ್ತಾರೆ. ಏಕೆಂದರೆ ಮನೆಯಲ್ಲಿ, ಪೇಟೆಯಲ್ಲಿ ಕಿವಿಗೆ ಬೀಳುವುದು ಮರಾಠಿಯ 'ಛಳ'. ಅದರ ಅರ್ಥ ಪೀಡನೆ, ಕಾಟ. ಸಂಸ್ಕೃತದಲ್ಲಿ 'ಛಲ'ವೆಂದರೆ ಕಪಟ. ಕನ್ನಡದಲ್ಲಿ ಅದೇ ಪದ ಹಿಡಿದ ಪಟ್ಟನ್ನು ಬಿಡದ ಸಂಕಲ್ಪವಾಗಿ ನಿಂತಿದೆ. ಮರಾಠಿಯಲ್ಲಿ ಇದಕ್ಕೆ ಸಮೀಪವಾದುದು 'ಜಿದ್ದ'. 'ಹಟ್ಟ' ಅಲ್ಲ, ಅದು ಮಕ್ಕಳ ರಚ್ಚೆ. ಪಂಪ ತನ್ನ ವಿಕ್ರಮಾರ್ಜುನವಿಜಯದ ಕೊನೆಯಲ್ಲಿ ಒಬ್ಬೊಬ್ಬರನ್ನು ಒಂದೊಂದು ಗುಣಕ್ಕೆ ನೆನೆಯುವಾಗ ಛಲಕ್ಕೆ ದುರ್ಯೋಧನನನ್ನು ಹೆಸರಿಸುತ್ತಾನೆ. ಕಾಟಕ್ಕೆ ಒಬ್ಬನನ್ನು ಮೆಚ್ಚಿ ಹೆಸರಿಸುವುದುಂಟೆ?

ಸೇಡಿಗೆ ನಮ್ಮಲ್ಲಿ ಇನ್ನೊಂದು ಮಾತಿದೆ, 'ಮುಯ್ಯಿ'. ಮದುವೆಯಲ್ಲಿ ಅವರು ಮಾಡಿದ ಉಡುಗೊರೆಗೆ ಇವರ ಮನೆಯ ಮದುವೆಯಲ್ಲಿ ತಿರುಗಿ ಮಾಡುವುದೂ ಮುಯ್ಯಿಯೇ, ಹೊಡೆತಕ್ಕೆ ಹೊಡೆತ ಕೊಡುವುದೂ ಮುಯ್ಯಿಯೇ. ಎರಡರಲ್ಲಿಯೂ ಇರುವುದು ಲೆಕ್ಕ. ಎದುರಿನವರು ಎಷ್ಟು ಕೊಟ್ಟರೆಂಬುದರ ಮೇಲೆ ನಾವು ಕೊಡುವುದು ನಿಂತಿದೆ. ಛಲಕ್ಕೆ ಈ ಲೆಕ್ಕ ಬೇಕಿಲ್ಲ. ಎದುರಾಳಿ ಇರಲಿ ಬಿಡಲಿ, ಛಲವುಳ್ಳವನಿಗೆ ತಾನು ಹಿಡಿದುದೇ ಅಳತೆ. ಐದನೆಯ ಇಯತ್ತೆಯ ಹುಡುಗನಾಗಿ ನಾನು ಅಂಕ ತೆಗೆದುದು ಯಾವುದರಿಂದ, ಮಾತು ಬಿಟ್ಟುದು ಯಾವುದರಿಂದ ಎಂದು ಬೇರ್ಪಡಿಸಲು ಪ್ರಯತ್ನಿಸಿದ್ದೇನೆ. ಪೂರ್ತಿಯಾಗಿ ಬೇರ್ಪಡುವುದಿಲ್ಲ.

ದುರ್ಯೋಧನನಲ್ಲಿಯೂ ಅವು ಪೂರ್ತಿ ಬೇರ್ಪಡುವುದಿಲ್ಲ, ರನ್ನನ ಹೆಗ್ಗಳಿಕೆ ಇರುವುದು ಇಲ್ಲೇ. ಮುಧೋಳದ ಬಳೆಗಾರರ ಮನೆಯಿಂದ ಬಂದ ಈ ಕವಿ ಹತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಚಾಲುಕ್ಯ ಸತ್ಯಾಶ್ರಯನ ಆಶ್ರಯದಲ್ಲಿದ್ದವನು. ಆಶ್ರಯದಾತನನ್ನು ಭೀಮನಿಗೆ ಹೋಲಿಸಿದ್ದರಿಂದ ಕಾವ್ಯದ ಇನ್ನೊಂದು ಹೆಸರು ಸಾಹಸಭೀಮವಿಜಯ. ಕಾಗದದ ಮೇಲೆ ದುರ್ಯೋಧನ ಪ್ರತಿನಾಯಕ. ಆದರೆ ಎಲ್ಲರೂ ಸತ್ತ ಮೇಲೆ ಸಂಜಯನ ಕೈಹಿಡಿದು ರಣಭೂಮಿಯಲ್ಲಿ ಹೆಣಗಳ ನಡುವೆ ನಡೆಯುವ ಅರಸನ ಜೊತೆ ಓದುಗನೂ ನಡೆಯಬೇಕಾಗುತ್ತದೆ. ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ, ಒಬ್ಬೊಬ್ಬರ ಮುಂದೆಯೂ ಅವನು ನಿಲ್ಲುತ್ತಾನೆ. ಅಭಿಮನ್ಯುವಿನ ಹೆಣದ ಮುಂದೆಯೂ ನಿಲ್ಲುತ್ತಾನೆ. ಶತ್ರುವಿನ ಮಗ, ತನ್ನ ಕಡೆಯವರೇ ಸುತ್ತುವರಿದು ಕೊಂದ ಹುಡುಗ. ಅವನ ಶೌರ್ಯಕ್ಕೆ ಕೈಮುಗಿದು, ತನಗೂ ಅಂಥ ಸಾವು ಬರಲಿ ಎಂದು ಬಯಸುತ್ತಾನೆ. ಮಯಸಭೆಯಿಂದ ಮರಳುತ್ತಿದ್ದ ದುರ್ಯೋಧನನಿಗೆ ಇದು ಸಾಧ್ಯವಿತ್ತೇ ಯೋಚಿಸಿರಿ. ಅಂದು ಅವನಿಗೆ ಎದುರಾಳಿ ಕೆಳಗಿಳಿಯದೆ ತಾನು ಮೇಲಿರಲು ಬರುತ್ತಿರಲಿಲ್ಲ. ಇಂದು ಎಲ್ಲವನ್ನೂ ಕಳೆದುಕೊಂಡು ನಿಂತಾಗ ಎದುರಾಳಿಯ ಮಗನನ್ನು ಹೊಗಳಿದರೂ ಅವನ ಮಾನಕ್ಕೆ ಕುಂದಿಲ್ಲ.

ಹಾಗೆಂದು ರನ್ನ ಅವನನ್ನು ಸಂತನನ್ನಾಗಿ ಮಾಡಲಿಲ್ಲ. ಸಂಧಿಯ ಮಾತು ಬಂದಾಗ ತಾನು ಸೆಣಸುತ್ತಿರುವುದು ನೆಲಕ್ಕಾಗಿ ಅಲ್ಲ, ಛಲಕ್ಕಾಗಿ ಎಂದು ಅವನು ಹೇಳುವುದು ನಿಮಗೆ ಪಾಠದಲ್ಲಿದೆ. ಜೊತೆಗೆ ಇನ್ನೊಂದು ಮಾತೂ ಇದೆ: ಕರ್ಣನನ್ನು ಕೊಂದ ಅರ್ಜುನನನ್ನೂ ದುಶ್ಶಾಸನನನ್ನು ಕೊಂದ ಭೀಮನನ್ನೂ ಕೊಂದ ಬಳಿಕ ಧರ್ಮರಾಜನೊಡನೆ ಸಂಧಿಯಾಗಲಿ. ಇದು ಶುದ್ಧ ಸೇಡು. ಆದರೆ ಇದರ ಮೂಲ ಮಯಸಭೆಯ ನಗೆಯಲ್ಲ, ಸತ್ತ ಗೆಳೆಯ, ಸತ್ತ ತಮ್ಮ. ಪಾತ್ರದ ಉದ್ದೇಶ ಕಥೆಯುದ್ದಕ್ಕೂ ಒಂದೇ ಆಗಿರಬೇಕಿಲ್ಲ. ಟಿ.ವಿ.ಯ ಶಕುನಿಗೆ ಮೊದಲ ಕಂತಿನಲ್ಲಿ ಕೊಟ್ಟ ಕಾರಣವೇ ಕೊನೆಯ ಕಂತಿನವರೆಗೂ ಸಾಕಾಗುತ್ತದೆ, ಅವನು ಬೆಳೆಯುವುದಿಲ್ಲ. ಬಿ. ಎಂ. ಶ್ರೀ ಅವರು ರನ್ನನ ಪದ್ಯಗಳನ್ನೇ ಜೋಡಿಸಿ 1926ರಲ್ಲಿ 'ಗದಾಯುದ್ಧ ನಾಟಕಂ' ರಚಿಸಿದಾಗ, ದುರ್ಯೋಧನನನ್ನು ದುರಂತನಾಯಕನೆಂದು ಕಂಡುದು ಈ ಬೆಳವಣಿಗೆಯ ಬಲದಿಂದಲೇ.

ಸೇಡು ಖಳರ ಸ್ವತ್ತೂ ಅಲ್ಲ. ಗದಾಯುದ್ಧದಲ್ಲಿ ದ್ರೌಪದಿಯ ಮುಡಿಗಾಗಿ ಉರಿಯುತ್ತಿರುವವನು ಭೀಮ, ಅವನೇ ನಾಯಕ. ತರಗತಿಯಲ್ಲಿ ಶಕುನಿಯನ್ನು ಖಂಡಿಸಿದವರಲ್ಲಿ ಒಬ್ಬರೂ ಭೀಮನನ್ನು ಖಂಡಿಸಲಿಲ್ಲ. ಭೀಮನ ಸಿಟ್ಟು ತುಂಬಿದ ಸಭೆ ಕಂಡ ಅನ್ಯಾಯಕ್ಕೆ, ದುರ್ಯೋಧನನದು ಒಂದು ಜಾರುವಿಕೆಗೆ ಎಂದು ನೀವು ಹೇಳಬಹುದು, ಹೇಳಲೂ ಬೇಕು. ಗಾಯಕ್ಕೂ ಮುಯ್ಯಿಗೂ ಇರುವ ಪ್ರಮಾಣ ನೋಡದೆ ಉದ್ದೇಶದ ಚರ್ಚೆ ಮುಂದೆ ಸಾಗದು. ರನ್ನನ ಮೇಲೆ ಪ್ರಭಾವ ಬೀರಿದವೆಂದು ವಿದ್ವಾಂಸರು ಗುರುತಿಸುವ ಭಾಸನ ಊರುಭಂಗದಲ್ಲಿ ತೊಡೆ ಮುರಿದು ಬಿದ್ದ ದುರ್ಯೋಧನ ಮುಯ್ಯಿಯ ಪುಸ್ತಕವನ್ನೇ ಮುಚ್ಚಿಬಿಡುತ್ತಾನೆ. ಕೆರಳಿದ ಬಲರಾಮನನ್ನು ತಡೆಯುತ್ತಾನೆ, ಪಾಂಡವರ ಸೇವೆ ಮಾಡೆಂದು ಚಿಕ್ಕ ಮಗ ದುರ್ಜಯನಿಗೆ ಹೇಳುತ್ತಾನೆ. ರನ್ನ ಅದನ್ನು ಅರಿತೂ ಆ ದಾರಿ ಹಿಡಿಯಲಿಲ್ಲ. ಏಕೆ ಎಂಬುದು ಒಳ್ಳೆಯ ಸೆಮಿನಾರ್ ವಿಷಯ.

ಕರ್ಣನ ಮಾತನ್ನು ಇಲ್ಲಿ ಬೆಳೆಸುವುದಿಲ್ಲ. ಮರಾಠಿ ಮನೆಗಳಿಂದ ಬರುವ ನಿಮ್ಮ ಮನಸ್ಸಿನಲ್ಲಿ ಶಿವಾಜಿ ಸಾವಂತರ 'ಮೃತ್ಯುಂಜಯ'ದ ಕರ್ಣ ಗಟ್ಟಿಯಾಗಿ ಕುಳಿತಿದ್ದಾನೆ. ಅದರ ಜೊತೆಗೆ ಇರಾವತಿ ಕರ್ವೆಯವರ 'ಯುಗಾಂತ'ವನ್ನೂ ಓದಿರಿ ಎಂದಷ್ಟೇ ಹೇಳುತ್ತೇನೆ. ಎರಡೂ ಪ್ರಕಟವಾದುದು 1967ರಲ್ಲಿ. ಒಂದು ಪ್ರೀತಿಯಿಂದ ನೋಡುತ್ತದೆ, ಇನ್ನೊಂದು ಕಣ್ಣು ಕಿರಿದು ಮಾಡಿ ನೋಡುತ್ತದೆ.

ಪರೀಕ್ಷೆಯಲ್ಲಿ 'ರನ್ನನ ದುರ್ಯೋಧನ ಪ್ರತಿನಾಯಕನೇ?' ಎಂಬ ಪ್ರಶ್ನೆ ಬಂದರೆ, ಹೌದು ಅಲ್ಲ ಎಂಬ ತೀರ್ಪಿನಿಂದ ಆರಂಭಿಸಬೇಡಿ. ಯಾವ ಸಂದರ್ಭದಲ್ಲಿ, ಯಾರ ಮುಂದೆ, ತನ್ನ ಸಿಟ್ಟಿಗೆ ಅವನು ಯಾವ ಕಾರಣ ಕೊಡುತ್ತಾನೆ ಎಂಬುದನ್ನು ಮೊದಲು ಬರೆಯಿರಿ. ಅದು ಅವನದೇ ಮಾತೋ, ಕವಿಯ ಮಾತೋ ಎಂಬುದನ್ನೂ ಬರೆಯಿರಿ. ಟಿ.ವಿ.ಯಲ್ಲಿ ನೋಡಿದ್ದನ್ನು ಉಲ್ಲೇಖಿಸುವುದಕ್ಕೆ ಅಡ್ಡಿಯಿಲ್ಲ, ಅದು ಟಿ.ವಿ.ಯದೆಂದು ಹೇಳಿದರಾಯಿತು.

ಈ ಲೇಖನದ ಕರಡನ್ನು ಮೊದಲ ದಿನ ಪ್ರಶ್ನೆಯೆತ್ತಿದ ಆ ವಿದ್ಯಾರ್ಥಿನಿಗೇ ಓದಲು ಕೊಟ್ಟಿದ್ದೆ. ನಗೆಯ ಪಟ್ಟಿಯ ಭಾಗ ಅವಳಿಗೆ ಒಪ್ಪಿಗೆಯಾಗಲಿಲ್ಲ. "ಸರ, ಆ ಕಥಿ ವೈಶಂಪಾಯನ ಹೇಳಿದ್ದು ಜನಮೇಜಯನ ಮುಂದ. ಅಂವ ಅರ್ಜುನನ ಮೊಮ್ಮಗನ ಮಗ. ನಿಮ್ಮ ಮುತ್ತಜ್ಜಿ ನಕ್ಕಿದ್ಲು ಅಂತ ಅವನ ಮುಂದ ಯಾರ ಹೇಳತಾರ್ರಿ? ದುರ್ಯೋಧನ ಸೇರಿಸಿದನೋ, ಇವರ ಬಿಟ್ರೋ?" ಎಂದು ಕೇಳಿದಳು. ಸುಭದ್ರೆಯ ವಂಶದವನಿಗೆ ದ್ರೌಪದಿಯೂ ಮುತ್ತಜ್ಜಿಯ ಸಮಾನಳೇ. ಸಭಾಪರ್ವವನ್ನು ಮತ್ತೊಮ್ಮೆ ಮೊದಲಿನಿಂದ ಓದುತ್ತಿದ್ದೇನೆ. ಅವಳಿಗೆ ಇನ್ನೂ ಉತ್ತರ ಹೇಳಿಲ್ಲ.